ಬಾವಿಯ ಜೀವ ಬಾವಿಗೆ

ಮಾತಾಜಿ ಬಾಗಿಲ ಮುಂದೆ ಬಂದು ನಿಂತರು. ತ್ರಿಶಲಾಳ ಕೈಯಲ್ಲಿದ್ದ ಕಲಶ ನೋಡಿದರು, ಕಲಶದ ಮೇಲಿನ ತೆಂಗಿನಕಾಯಿ ನೋಡಿದರು, ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಅತ್ತೆ ಕಮಲಾಬಾಯಿಯನ್ನೂ ನೋಡಿದರು. "ವಂದಾಮಿ ಮಾತಾಜಿ, ವಂದಾಮಿ, ವಂದಾಮಿ. ಅತ್ರ ಅತ್ರ, ತಿಷ್ಠ ತಿಷ್ಠ" ಎಂದು ತ್ರಿಶಲಾ ಕರೆದ ಜೋರಿಗೆ ಎದುರು ಮನೆಯ ಎಮ್ಮೆ ಮೇವು ಬಿಟ್ಟು ತಲೆ ಎತ್ತಿತು. ಮಾತಾಜಿಯವರ ಬಲಗೈ ಮಾತ್ರ ಹೆಗಲ ಮೇಲಿನಿಂದ ಇಳಿಯಲಿಲ್ಲ, ಇಳಿದಿದ್ದರೆ ಕರೆ ಒಪ್ಪಿದಂತೆ. ಅವರು ಮುಂದೆ ನಡೆದರು.

ಮುಂದೆ ಎಂದರೆ ಬಹಳ ಮುಂದೇನಲ್ಲ. ನಡುವೆ ಇದ್ದದ್ದು ಒಂದೇ ಗೋಡೆ. ಪಕ್ಕದ ಬಾಗಿಲಲ್ಲಿ ನೆಗೆಣ್ಣಿ ಪ್ರಾಜಕ್ತಾ, ಅಂದರೆ ತ್ರಿಶಲಾಳ ಮೈದುನನ ಹೆಂಡತಿ, ಹಾಗೆಯೇ ಕಲಶ ಹಿಡಿದು ನಿಂತಿದ್ದಳು. ಅವಳ ಮಗ್ಗುಲಲ್ಲಿ ಎರಡೂ ಅಂಗೈ ಕೂಡಿಸಿ ಅದರೊಳಗೊಂದು ಮಾವಿನಹಣ್ಣು ಇಟ್ಟುಕೊಂಡು ನಿಂತವಳು ತ್ರಿಶಲಾ ಹೆತ್ತ ಮಗಳು, ಬ್ರಾಹ್ಮಿ. ಮಾತಾಜಿ ಹಣ್ಣನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. ಅಲ್ಲೇ ನಿಂತುಬಿಟ್ಟರು.

ಜೈನರ ಓಣಿಯಲ್ಲಿ ಇದು ಹೊಸದಲ್ಲ. ಸಂಸಾರ ಬಿಟ್ಟು ದೀಕ್ಷೆ ಪಡೆದು ದಿನಕ್ಕೆ ಒಂದೇ ಹೊತ್ತು ಉಣ್ಣುವ ಮಾತಾಜಿ ಬಸದಿಯಿಂದ ಹೊರಡುವಾಗಲೇ ಮನಸ್ಸಿನಲ್ಲಿ ಒಂದು ಕಟ್ಟಳೆ ಹಾಕಿಕೊಂಡಿರುತ್ತಾರೆ. ಇಂಥ ಗುರುತು ಕಂಡ ಬಾಗಿಲಲ್ಲಿ ಆಹಾರ, ಕಾಣದಿದ್ದರೆ ಉಪವಾಸ. ಗುರುತು ಯಾವುದೆಂದು ಯಾರಿಗೂ ಹೇಳುವುದಿಲ್ಲ. ಅದಕ್ಕೇ ಓಣಿಯ ಹೆಂಗಸರೆಲ್ಲ ಮಡಿ ಉಟ್ಟು, ಅಡಿಗೆ ಮಾಡಿಟ್ಟು, ತಂತಮ್ಮ ಬಾಗಿಲಲ್ಲಿ ಕಾಯುತ್ತಾರೆ. ಯಾರ ಬಾಗಿಲಲ್ಲಿ ನಿಂತರೂ ಉಳಿದವರು ಸಂತೋಷಪಡಬೇಕು ಎನ್ನುತ್ತದೆ ಶಾಸ್ತ್ರ. ಶಾಸ್ತ್ರ ಹೇಳಿದವರು ಸಂಸಾರ ಬಿಟ್ಟವರು, ಅವರಿಗೆ ನೆಗೆಣ್ಣಿಯರಿರಲಿಲ್ಲ.

"ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ" ಎಂದು ಪ್ರಾಜಕ್ತಾ ಹೇಳುವುದು ಕೇಳಿಸಿತು. ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ ಎಂದು ಬಾಯಿಬಿಟ್ಟು ಹೇಳದ ಹೊರತು ಅವರು ಹೊಸ್ತಿಲು ದಾಟುವುದಿಲ್ಲ. ಅವಳ ಹಿಂದೆಯೇ ಬ್ರಾಹ್ಮಿಯ ಎಳೆ ದನಿ ಅದನ್ನೇ ಹೇಳಿತು. ಒಂದು ಮನೆಯಲ್ಲಿ ಆಹಾರ ನಡೆದಾಗ ಅಕ್ಕಪಕ್ಕದವರೂ ಹೋಗಿ ಕೈಯಾರೆ ಒಂದು ತುತ್ತು ಕೊಡುವುದು ರೂಢಿ. ಕಮಲಾಬಾಯಿ ಲಗುಬಗೆಯಿಂದ ಹೊರಟರು.

"ಬಾರವ್ವಾ, ನಿಂತಿ ಯಾಕ?"

"ನೀವು ನಡೀರಿ ಅತ್ತಿ. ತಲಿ ಸುತ್ತಿದಂಗ ಆಗಾಕತ್ತೈತಿ," ಎಂದಳು ತ್ರಿಶಲಾ. ತಲೆ ನೆಟ್ಟಗೇ ಇತ್ತು.

ಆಹಾರ ಮುಗಿಸಿ ಮಾತಾಜಿ ಬಸದಿಗೆ ತಿರುಗಿದ ಮೇಲೆ ಬ್ರಾಹ್ಮಿ ಓಡುತ್ತ ಬಂದಳು. ಮುಖ ಅರಳಿತ್ತು, ಕೈಯಲ್ಲಿ ಮಾವಿನ ವಾಸನೆಯಿತ್ತು.

"ಅವ್ವಾ, ನಾ ಕೊಟ್ಟ ಹಣ್ಣ ತಗೊಂಡ್ರು. ನೀ ಯಾಕ ಬರ್ಲಿಲ್ಲ?"

"ನೀ ಆ ಬಾಗಲಾಗ ಯಾಕ ನಿಂತಿದ್ದಿ?"

"ಕಾಕು ಒಬ್ಬಾಕಿನ ಇದ್ಲಲ್ಲ. ನಿನ್ನ ಜೋಡಿ ಆಯಿ ಇದ್ರು." ಕಾಕು ಎಂದರೆ ಚಿಕ್ಕಮ್ಮ ಪ್ರಾಜಕ್ತಾ, ಆಯಿ ಎಂದರೆ ಅಜ್ಜಿ ಕಮಲಾಬಾಯಿ.

ಲೆಕ್ಕ ಸರಿಯಾಗಿಯೇ ಇತ್ತು. ಆ ಬಾಗಿಲಿಗೆ ಇಬ್ಬರು, ಈ ಬಾಗಿಲಿಗೆ ಇಬ್ಬರು. ಆದರೆ ಹೊಟ್ಟೆಕಿಚ್ಚಿಗೆ ಲೆಕ್ಕ ಬರುವುದಿಲ್ಲ. ತ್ರಿಶಲಾ ತುಪ್ಪದ ಬಟ್ಟಲನ್ನು ಸದ್ದಾಗುವಂತೆ ಕಪಾಟಿನಲ್ಲಿಟ್ಟು, "ಹೋಗಿ ಕೈ ತೊಳಕೊ" ಎಂದಳು.

ಈ ಕಿಚ್ಚು ಮಾವಿನಹಣ್ಣಿನಿಂದ ಹತ್ತಿದ್ದಲ್ಲ, ಹತ್ತನೆಯ ತರಗತಿಯಿಂದ ಹತ್ತಿದ್ದು. ಕೃಷ್ಣೆಯ ದಂಡೆಯ ಮೇಲಿನ ತವರೂರು ಸತ್ತಿಯಲ್ಲಿ ತ್ರಿಶಲಾ ಹತ್ತನ್ನು ಪಾಸಾದಾಗ, ಮುಂದೇನು ಓದುತ್ತೀ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅದರ ಬಗ್ಗೆ ಅವಳಿಗೆ ದೊಡ್ಡ ದುಃಖವೂ ಇರಲಿಲ್ಲ. ಆಗಿನ ಕಾಲಕ್ಕೆ ಯಾರ ಮನೆಯಲ್ಲಿ ಕೇಳುತ್ತಿದ್ದರು? ಆದರೆ ಬ್ರಾಹ್ಮಿ ಹತ್ತನೆಯ ತರಗತಿಗೆ ಕಾಲಿಟ್ಟ ದಿನದಿಂದ ಒಂದು ಆಸೆ ಹುಟ್ಟಿಕೊಂಡಿತ್ತು. ರಿಸಲ್ಟ್ ಬಂದ ದಿನ ಮಗಳು ಹತ್ತಿರ ಬಂದು ಕೂತು, "ಅವ್ವಾ, ನಾ ಯಾವ ವಿಷಯ ತಗೊಳ್ಳಿ?" ಎಂದು ಕೇಳಬೇಕು. ಆಗ ಬಾಯಿ ಕಟ್ಟಬಾರದೆಂದು ತ್ರಿಶಲಾ ಒಂದು ವರ್ಷ ಗುಟ್ಟಾಗಿ ತಯಾರಿ ನಡೆಸಿದ್ದಳು. ಅಥಣಿಯ ಔಷಧ ಅಂಗಡಿಯ ಅಪ್ಪಾಸಾಬನ ಹತ್ತಿರ ಅತ್ತೆಯ ಬಿಪಿ ಗುಳಿಗೆ ಕೊಳ್ಳುವ ನೆಪದಲ್ಲಿ ಸಾಯನ್ಸ್ ಅಂದರೇನು, ಕಾಮರ್ಸ್ ಅಂದರೇನು ಎಂದು ಕೇಳಿ ತಿಳಿದುಕೊಂಡಿದ್ದಳು. ಬಸ್ಸಿನಲ್ಲಿ ಕಾಲೇಜು ಹುಡುಗಿಯರ ಪಕ್ಕ ಹುಡುಕಿ ಕೂರುತ್ತಿದ್ದಳು. ಪಿಸಿಎಂಬಿ ಎಂಬ ನಾಲ್ಕಕ್ಷರ ನಾಲಿಗೆಗೆ ಒಗ್ಗಲೆಂದು ರೊಟ್ಟಿ ಬಡಿಯುತ್ತ ಬಡಿಯುತ್ತ ಹೇಳಿಕೊಂಡಿದ್ದಳು. ಕೊನೆಯ ಬಿ ಅಂದರೆ ಜೀವಶಾಸ್ತ್ರ. "ಅದನ್ನ ತಗೊ ಮಗಳ, ಜೀವದ ವಿದ್ಯೆ ಅದು, ನಮ್ಮ ಮಂದಿಗೆ ಒಪ್ಪೂದು" ಎಂಬ ಉತ್ತರವನ್ನು ಕೂಡ ಸಿದ್ಧ ಮಾಡಿಟ್ಟುಕೊಂಡಿದ್ದಳು.

ರಿಸಲ್ಟ್ ಬಂತು, ಅಂಕಗಳೂ ಚೆನ್ನಾಗಿ ಬಂದವು. ಬ್ರಾಹ್ಮಿ ಅವ್ವನ ಕಾಲಿಗೆ ಬಿದ್ದಳು, ಪೇಡೆ ತಿಂದಳು, ನೆಟ್ಟಗೆ ಗೋಡೆಯಾಚೆ ನಡೆದಳು. ಪ್ರಾಜಕ್ತಾ ಮಿರಜಿನವಳು, ಬಿಎಸ್ಸಿ ಓದಿದವಳು, ಈ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷ. ಅರ್ಧ ಮರಾಠಿ ಅರ್ಧ ಕನ್ನಡ ಕಲಸಿ ಮಾತಾಡುತ್ತಾಳೆ. ಅಂದಿನಿಂದ ದಿನಾ ಮಧ್ಯಾಹ್ನ ಕಾಕುವಿನ ಮನೆಯಲ್ಲಿ ಅದೇ ಸಭೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ತ್ರಿಶಲಾಳಿಗೆ ಮೊದಲೂ ಗೊತ್ತಿತ್ತು. ಈಗ ಆ ಗಿಡ ತಾನೇ ಎಂಬುದು ಗೊತ್ತಾಯಿತು.

ಗಂಡ ಸುಧೀರನ ಮುಂದೆ ಒಮ್ಮೆ ಹೇಳಿ ನೋಡಿದ್ದಳು. ಆತ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದು ಬಂದು ಕಾಲು ತೊಳೆಯುತ್ತಿದ್ದ. "ಯಾವುದರೆ ತಗೊಳ್ಳಿ ಬಿಡ," ಎಂದ. "ಪ್ರಾಜಕ್ತಾ ಹೇಳಾಕತ್ತಾಳಲ್ಲ, ಓದಿದಾಕಿ. ನಿನಗೇನ ತ್ರಾಸ?" ತ್ರಾಸ ಏನೆಂದು ಹೇಳಲು ಹೋದರೆ ಹೊಟ್ಟೆಕಿಚ್ಚು ಎಂಬ ಶಬ್ದವೊಂದನ್ನು ಬಿಟ್ಟು ಬೇರೆ ಸಿಗುವಂತಿರಲಿಲ್ಲ.

ಮಾವಿನಹಣ್ಣಿನ ದಿನ ಮಧ್ಯಾಹ್ನ ತ್ರಿಶಲಾ ನೀರು ಸೇದಲು ಹಿತ್ತಲಿಗೆ ಹೋದಳು. ಹಿತ್ತಲ ಬಾವಿ ಎರಡೂ ಮನೆಗೆ ಸೇರಿದ್ದು. ನಳ ಬಂದ ಮೇಲೂ ಮಡಿ ಅಡಿಗೆಗೆ ಈ ಬಾವಿಯ ನೀರೇ ಆಗಬೇಕು. ಪ್ರಾಜಕ್ತಾಳ ಅಡಿಗೆಮನೆಯ ಕಿಟಕಿ ಬಾವಿಯ ಕಡೆಗೇ ತೆರೆದಿತ್ತು. ಒಳಗೆ ಬ್ರಾಹ್ಮಿ ನಗುತ್ತಿದ್ದಳು.

"ಕಾಲ ಇದ್ದೂ ಕಾಕು, ಖರೇನ. ಒಂದ ಹನಿ ನೀರಾಗ ಹಿಂಗಿಂಗ ಓಡ್ಯಾಡಾಕತ್ತಿದ್ದೂ. ಸೈನ್ಸ್ ಟೀಚರ್ ಸೂಕ್ಷ್ಮದರ್ಶಕದಾಗ ತೋರಿಸಿದ್ರು."

"ಬರಂ, ಆತು ಹಂಗಾರ, ಬಯಾಲಜಿನ ತಗೊ," ಎಂದಳು ಪ್ರಾಜಕ್ತಾ. "ಕಪ್ಪಿ ಕೊಯ್ಯೂದರ ಕಾಳಜಿ ಬಿಡ. ಆ ರೂಲ್ ಹೋಗಿ ಬಾಳ ವರ್ಷ ಆತು. ಈಗ ಎಲ್ಲಾ ಕಂಪ್ಯೂಟರಿನ್ಯಾಗ, ಮಾಡೆಲಿನ್ಯಾಗ ತೋರಸ್ತಾರ. ಒಂದ ಇರವಿನೂ ಸಾಯೂದಿಲ್ಲ."

ತ್ರಿಶಲಾಳ ಕೈಯೊಳಗಿನ ಹಗ್ಗ ನಿಂತಿತು. ಬಯಾಲಜಿ. ವರ್ಷವೆಲ್ಲ ಜೋಪಾನವಾಗಿ ಕಾಯ್ದಿಟ್ಟಿದ್ದ ತನ್ನ ಮಾತು ಇನ್ನೊಬ್ಬಳ ಬಾಯಿಂದ, ಅದೂ ಇಷ್ಟು ಸಲೀಸಾಗಿ ಹೊರಬಿದ್ದಿತ್ತು. ಮಗಳಿಗೆ ಒಳ್ಳೆಯದೇ ಆಯಿತು ಎಂದು ಯಾರಾದರೂ ತಾಯಿ ಸಂತೋಷಪಟ್ಟಿದ್ದರೆ ಅವಳನ್ನು ಬಸದಿಯಲ್ಲಿ ಕೂರಿಸಿ ಪೂಜೆ ಮಾಡಬೇಕು. ತ್ರಿಶಲಾ ಸಂತೋಷಪಡಲಿಲ್ಲ. ಅವಳ ಮೈಯೆಲ್ಲ ಉರಿಯಿತು. ನೀರಿನ ಹನಿಯ ಸುದ್ದಿಯನ್ನು ಕೂಡ ಮಗಳು ತನಗೆ ಹೇಳಿರಲಿಲ್ಲ.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಆ ಸಂಜೆ ಕಮಲಾಬಾಯಿ, ಸುಧೀರ, ಬ್ರಾಹ್ಮಿ ಮೂವರೂ ತಟ್ಟೆಯ ಮುಂದೆ ಕೂತಿದ್ದರು. ತ್ರಿಶಲಾ ಸಾರು ಬಡಿಸುತ್ತ, ಸಾರಿನ ಮಾತೆನ್ನುವಷ್ಟು ಸಹಜವಾಗಿ, "ಅತ್ತಿ, ನಿಮ್ಮ ಮೊಮ್ಮಗಳು ಕಪ್ಪಿ ಕೊಯ್ಯೂ ವಿದ್ಯಾ ಕಲೀತಾಳಂತ್ರಿ" ಎಂದಳು.

ಕಮಲಾಬಾಯಿಯ ಕೈ ತಟ್ಟೆಯಲ್ಲೇ ನಿಂತಿತು. ಗಡ್ಡೆ ಗೆಣಸು ತಿನ್ನದ, ಮಳೆಗಾಲದಲ್ಲಿ ಹಸಿರು ಸೊಪ್ಪು ಕೂಡ ಮುಟ್ಟದ ಹೆಂಗಸು. "ಏನಂದಿ?"

"ಇಲ್ಲ ಆಯಿ," ಬ್ರಾಹ್ಮಿ ಗಾಬರಿಯಾಗಿ ಹೇಳಿದಳು, "ಈಗ ಕಪ್ಪಿ ಕೊಯ್ಯೂದಿಲ್ಲ. ಕಂಪ್ಯೂಟರಿನ್ಯಾಗ ತೋರಸ್ತಾರ. ಕಾಕು ಹೇಳ್ಯಾಳ."

ಕಾಕು ಹೇಳ್ಯಾಳ. ಉರಿಯುವ ಬೆಂಕಿಗೆ ತುಪ್ಪ ಬೇಕಾಗಿತ್ತು, ಬಿತ್ತು.

"ನಿಮ್ಮ ಕಾಕು ಓದಿದ್ದು ಮಿರಜಿನ್ಯಾಗ. ಅಲ್ಲಿ ಇಲ್ಲದಿರಬೇಕು," ಎಂದಳು ತ್ರಿಶಲಾ. "ನಾ ಅಥಣ್ಯಾಗ ಕಾಲೇಜಿನ ಸರ್‌ಗ ಕೇಳೇನಿ. ಕಪ್ಪಿ, ಜೊಂಡಿಗ್ಯಾ ಎಲ್ಲಾ ಕೊಯ್ಯಬೇಕಂತ. ಕೊಯ್ಯಲಿಲ್ಲಂದ್ರ ಮಾರ್ಕ್ಸ್ ಇಲ್ಲಂತ."

ಯಾವ ಸರನ್ನೂ ಅವಳು ಕೇಳಿರಲಿಲ್ಲ. ಅಂಥ ಸರ್ ಇರಲೂ ಇಲ್ಲ. ಆದರೆ ಮಾತು ಎಷ್ಟು ಸರಾಗವಾಗಿ ಬಂತೆಂದರೆ ಹೇಳಿದ ಅವಳಿಗೇ ಕ್ಷಣಹೊತ್ತು ಆ ಸರ್‌ನ ಕನ್ನಡಕ ಕಣ್ಣಿಗೆ ಕಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬ್ರಾಹ್ಮಿ ಅವ್ವನ ಮುಖವನ್ನೇ ನೋಡಿದಳು. ಅವ್ವ ಸುಳ್ಳು ಹೇಳುತ್ತಾಳೆಂಬ ಸಂಶಯ ಆ ಕಣ್ಣಿನಲ್ಲಿರಲಿಲ್ಲ. ಇದ್ದಿದ್ದರೆ ತ್ರಿಶಲಾಳಿಗೆ ಸುಲಭವಾಗುತ್ತಿತ್ತು.

"ಹಂಗಾರ ಮುಗೀತು," ಎಂದರು ಕಮಲಾಬಾಯಿ. "ಕಾಮರ್ಸ್ ತಗೊಳ್ಳಿ, ಸುಡುಗಾಡ ತಗೊಳ್ಳಿ, ಜೀವಾ ಕೊಯ್ಯೂದು ಈ ಮನ್ಯಾಗ ಆಗೂದಿಲ್ಲ. ಮಾತಾಜಿ ಊರಾಗ ಅದಾರ, ಚಲೋ ಆತು. ನಾಳೆ ನಮ್ಮ ಬಾಗಲಿಗೆ ಬಂದ್ರ ಅವರ ಮುಂದ ಬ್ರಾಹ್ಮಿ ಆ ವಿದ್ಯಾ ಕಲಿಯೂದಿಲ್ಲಂತ ನಿಯಮ ತಗೊಳ್ಳಲಿ. ಬರ್ಲಿಲ್ಲಂದ್ರ ಬಸದಿಗೆ ಹೋಗಿ ತಗೊಳ್ಳಲಿ."

"ಆಯಿ," ಎಂದಳು ಬ್ರಾಹ್ಮಿ. ಮಾತಾಜಿಯ ಮುಂದೆ ತೆಗೆದುಕೊಂಡ ನಿಯಮವೆಂದರೆ ಏನೆಂದು ಆ ಮನೆಯ ಮಕ್ಕಳಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಅದನ್ನು ಮುರಿದವರ ಹೆಸರನ್ನು ಓಣಿಯಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. ಹುಡುಗಿ ಅರ್ಧ ತಟ್ಟೆ ಬಿಟ್ಟು ಎದ್ದು ಮಾಳಿಗೆ ಹತ್ತಿದಳು. ಸುಧೀರ ಹೆಂಡತಿಯ ಕಡೆ ಒಮ್ಮೆ ನೋಡಿ ಮಜ್ಜಿಗೆ ಹಾಕಿಸಿಕೊಂಡ.

ತ್ರಿಶಲಾ ಪಾತ್ರೆ ತೊಳೆಯಲು ಹಿತ್ತಲಿಗೆ ಬಂದಾಗ ಬಾವಿಯ ಕಟ್ಟೆಗೆ ಆತು ಪ್ರಾಜಕ್ತಾ ನಿಂತಿದ್ದಳು. ಮಾಳಿಗೆಯಿಂದ ಮಾಳಿಗೆಗೆ ಸುದ್ದಿ ಹೋಗಿರಬೇಕು.

"ಅಕ್ಕಾ, ಅತ್ತೀಗೆ ನಾ ಒಂದ ಮಾತ ಹೇಳ್ಲೇನು? ಕಪ್ಪಿ ಕೊಯ್ಯೂದು ಖರೇ ಇಲ್ಲ."

"ಇದು ನಮ್ಮ ಮನಿ ವಿಷಯ ಪ್ರಾಜಕ್ತಾ. ಆಕಿ ನನ್ನ ಮಗಳು."

"ಅಸೂ ದೇ, ಇರ್ಲಿ ಬಿಡ್ರಿ," ಎಂದಳು ಪ್ರಾಜಕ್ತಾ. "ನಂಗ್ಯಾಕ ಸಿಟ್ಟ ಮಾಡ್ತೀರಿ ಅಕ್ಕಾ? ನಾನಂತೂ ಮೊದಲಿಂದ ಕಾಮರ್ಸ್ ತಗೊ ಅಂತ ಹೇಳಾಕತ್ತೇನಿ. ಆಕಿನ ಕೇಳ್ಲಿಲ್ಲ. ಬಯಾಲಜಿನ ಬೇಕಂತ ಹಟ ಹಿಡದ್ಲು. ನೀವು ನೀರ ಸೋಸಿ ಬಟ್ಟಿ ತಿರುವ್ಯಾಡಿ ಬಾವಿಗೆ ಬಿಡ್ತೀರಲ್ಲ, ಅದರಾಗ ಏನ ಇರ್ತೈತಿ ಅದನ್ನ ನೋಡಬೇಕಂತ. ಸಾಲ್ಯಾಗ ಹನಿ ತೋರಿಸಿದ್ರಲ್ಲ, ಆ ನೀರು ಬಾಟ್ಲ್ಯಾಗ ಇಲ್ಲಿಂದನ ಒಯ್ದಿದ್ಲು. ನಿಮಗ ಹೇಳಿಲ್ಲೇನು?"

ತ್ರಿಶಲಾ ಬೂದಿ ಹಚ್ಚಿದ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದಳು. "ಹೇಳ್ಯಾಳ," ಎಂದಳು. ಅದು ಆ ಸಂಜೆಯ ಎರಡನೆಯ ಸುಳ್ಳು.

ಬ್ರಾಹ್ಮಿಗೆ ಐದೋ ಆರೋ ವರ್ಷವಿದ್ದಾಗ ಸೋಸುವ ಬಟ್ಟೆಯ ಒಂದು ಅಂಚನ್ನು ಹಿಡಿಯುವುದು ಅವಳ ಕೆಲಸವಾಗಿತ್ತು. "ಇದರಾಗ ಯಾರ ಅದಾರ ಅವ್ವಾ?" ಎಂದು ಕೇಳುತ್ತಿದ್ದಳು. "ಜೀವ ಅದಾವ." "ಕಾಣೂದಿಲ್ಲಲ್ಲ?" "ಕಾಣೂದಿಲ್ಲ, ಅದಾವ. ತಮ್ಮ ಮನಿಗೆ ತಾವು ಹೋಗ್ಲಿ ಅಂತ ಬಾವಿಗೆ ಬಿಡೂದು." ಆಮೇಲೆ ಹುಡುಗಿ ದೊಡ್ಡವಳಾದಳು, ಶಾಲೆ, ಹೋಂವರ್ಕ್, ಅಂಚು ಹಿಡಿಯುವುದು ಬಿಟ್ಟುಹೋಯಿತು. ಮಗಳು ಅದನ್ನೆಲ್ಲ ಮರೆತಿದ್ದಾಳೆಂದು ತ್ರಿಶಲಾ ತಿಳಿದಿದ್ದಳು. ಈಗ ನೋಡಿದರೆ ಮರೆತವಳು ತಾನು. ಅಷ್ಟು ಗೊತ್ತಾದರೂ ಒಳಗೆ ಹೋಗಿ ಅತ್ತೆಗೆ ನಿಜ ಹೇಳಲು ಕಾಲು ಏಳಲಿಲ್ಲ. ಹೇಳಿದರೆ ಪ್ರಾಜಕ್ತಾ ಗೆದ್ದಂತೆ ಎಂದು ಮನಸ್ಸು ಹೇಳಿತು. ಕಾಮರ್ಸ್ ಆದರೂ ಪ್ರಾಜಕ್ತಾಳೇ ಗೆದ್ದಂತೆ ಎಂಬುದು ಹೊಳೆದಾಗ ಅವಳಿಗೆ ಅಳು ಬರುವಂತಾಯಿತು.

ಮರುದಿನ ಬೆಳಕು ಹರಿಯುವುದರೊಳಗೆ ಸ್ನಾನ ಮುಗಿಸಿ ತ್ರಿಶಲಾ ಒಲೆಯ ಮುಂದೆ ಕೂತಳು. ಕೈಯಿಂದ ಬೀಸಿದ ಹಿಟ್ಟಿನ ಚಪಾತಿ, ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ, ಹಾಲು, ಹಣ್ಣು. ಇಷ್ಟು ದಿನ ಮಾತಾಜಿ ಬರಲಿ ಬರಲಿ ಎಂದು ಹಾರೈಸಿದವಳು ಅವತ್ತು ಮೊದಲ ಸಲ, ಇವತ್ತೊಂದು ದಿನ ಬೇರೆಯವರ ಬಾಗಿಲಿಗೆ ಹೋಗಲಿ ಎಂದು ಹಾರೈಸಿದಳು. ಪ್ರಾಜಕ್ತಾಳ ಬಾಗಿಲಾದರೂ ನಡೆದೀತು ಎಂದುಕೊಂಡಳು. ಅವಳ ಮಟ್ಟಿಗೆ ಅದು ಸಣ್ಣ ಮಾತಲ್ಲ.

ಬ್ರಾಹ್ಮಿ ಮಡಿ ಉಟ್ಟು ಹೊಸ್ತಿಲ ಬಲಕ್ಕೆ ನಿಂತಳು. ಕಣ್ಣುಗಳು ಊದಿದ್ದವು. ಕೈಯಲ್ಲಿ ಹಣ್ಣು ಇರಲಿಲ್ಲ, ಕೈ ಮುಗಿದಿದ್ದಳು ಅಷ್ಟೇ. ಎಡಕ್ಕೆ ಕಮಲಾಬಾಯಿ. ನಡುವೆ ಕಲಶ ಹಿಡಿದ ತ್ರಿಶಲಾ. ಗೋಡೆಯಾಚೆ ಪ್ರಾಜಕ್ತಾ ಒಬ್ಬಳೇ.

ಬಿಳಿ ಸೀರೆ, ಹೆಗಲ ಮೇಲೆ ಬಲಗೈ, ಎಡಗೈಯಲ್ಲಿ ನವಿಲುಗರಿಯ ಪಿಂಛಿ. ಮಾತಾಜಿ ಓಣಿಯ ತಿರುವಿನಲ್ಲಿ ಕಂಡರು. ಮೊದಲ ಮನೆ ದಾಟಿದರು, ಎರಡನೆಯದು ದಾಟಿದರು. ತ್ರಿಶಲಾ ಕರೆಯುವ ಮಾತುಗಳನ್ನು ಹೇಳಿದಳು, ಆದರೆ ನಿನ್ನೆಯ ಜೋರಿರಲಿಲ್ಲ. ಎಮ್ಮೆ ತಲೆ ಎತ್ತಲಿಲ್ಲ. ಮಾತಾಜಿ ನಿಂತರು. ಕಲಶ ನೋಡಿದರು. ಬ್ರಾಹ್ಮಿಯ ಖಾಲಿ ಕೈ ನೋಡಿದರು. ಮುಂದೆ ಹೆಜ್ಜೆ ಹಾಕಲಿಲ್ಲ.

"ಬಂದ್ರು," ಎಂದು ಕಮಲಾಬಾಯಿ ಉಸಿರಿನಲ್ಲೇ ಹೇಳಿದರು. ಮೂವರೂ ಮಾತಾಜಿಗೆ ಮೂರು ಸುತ್ತು ಹಾಕಿ ಮುಂದೆ ಬಂದು ನಿಂತರು. ಓಣಿಯ ಹೆಂಗಸರು ತಂತಮ್ಮ ಕಲಶ ಇಳಿಸಿ ಇತ್ತ ಬರತೊಡಗಿದರು. ಪ್ರಾಜಕ್ತಾ ಕೂಡ ಬಂದು ತುಸು ದೂರ ನಿಂತಳು. ಇನ್ನು ಮನೆಯೊಡತಿ ಆ ಮಾತು ಹೇಳಬೇಕು.

"ಮನ," ಎಂದಳು ತ್ರಿಶಲಾ.

ಅಲ್ಲಿಗೆ ನಿಂತಿತು. ಮದುವೆಯಾಗಿ ಬಂದಾಗಿನಿಂದ ಎಷ್ಟೋ ಸಲ ಹೇಳಿದ ಮಾತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕಾದ ಮಾತು. ಕಲಶದ ನೀರು ತುಳುಕಿ ಕಾಲಿನ ಮೇಲೆ ಬಿತ್ತು. ಮಾತಾಜಿ ನೆಲ ನೋಡುತ್ತ ನಿಂತಿದ್ದರು. ಅವರು ಕೇಳುವಂತಿಲ್ಲ, ನೆನಪಿಸುವಂತಿಲ್ಲ. ಹೆಚ್ಚು ಹೊತ್ತು ನಿಲ್ಲುವಂತೆಯೂ ಇಲ್ಲ. ಇಲ್ಲಿಂದ ತಿರುಗಿದರೆ ನಾಳೆ ಈ ಹೊತ್ತಿನವರೆಗೆ ಅವರಿಗೆ ನೀರೂ ಇಲ್ಲ.

"ಹೇಳಬೇ," ಎಂದರು ಕಮಲಾಬಾಯಿ, ಹಲ್ಲು ಕಚ್ಚಿ. "ಮನಶುದ್ಧಿ ವಚನಶುದ್ಧಿ ಅನ್ನು."

ತ್ರಿಶಲಾ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಕಪ್ಪಿ ಕೊಯ್ಯೂದಿಲ್ರಿ," ಎಂದಳು.

"ಏನು?"

"ಕೊಯ್ಯೂದಿಲ್ಲ. ನಾ ಯಾವ ಸರ್‌ಗೂ ಕೇಳಿಲ್ಲ. ಪ್ರಾಜಕ್ತಾ ಹೇಳಿದ್ದ ಖರೆ. ನಾ ಹೊಟ್ಟಿಕಿಚ್ಚಿಗೆ ಸುಳ್ಳ ಹೇಳಿದೆ." ದನಿ ದೊಡ್ಡದೇನಿರಲಿಲ್ಲ, ಆದರೆ ಓಣಿಯಲ್ಲಿ ಆಗ ಬೇರೆ ಸದ್ದೂ ಇರಲಿಲ್ಲ. "ನನಗ ಆ ಮಾತ ಹೇಳಾಕ ಬರೂದಿಲ್ರಿ ಇವತ್ತ."

ಅವಳು ಕಲಶವನ್ನು ಬ್ರಾಹ್ಮಿಯ ಕೈಗೆ ಕೊಟ್ಟು ಹಿಂದೆ ಸರಿದಳು. ಹುಡುಗಿ ಕಲಶ ಹಿಡಿದು ಅವ್ವನನ್ನೇ ನೋಡುತ್ತ ನಿಂತಳು. ಅವಳ ಮುಖದಲ್ಲಿ ಏನಿತ್ತೆಂದು ನೋಡುವ ಧೈರ್ಯ ತ್ರಿಶಲಾಳಿಗಿರಲಿಲ್ಲ. ಕಡೆಗೆ ಎಳೆ ದನಿ ಕೇಳಿತು. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ. ಒಳಗ ಬರ್ರಿ ಮಾತಾಜಿ."

ಮಾತಾಜಿ ಹೊಸ್ತಿಲು ದಾಟಿದರು. ಅವರ ಹಿಂದೆ ಕಮಲಾಬಾಯಿ, ಬ್ರಾಹ್ಮಿ, ಓಣಿಯ ಹೆಂಗಸರು. ಬಾಗಿಲ ಹತ್ತಿರ ಪ್ರಾಜಕ್ತಾ ಒಮ್ಮೆ ನಿಂತು ತ್ರಿಶಲಾಳ ಕಡೆ ನೋಡಿದಳು. ಏನಾದರೂ ಹೇಳಿಯಾಳು ಎಂದು ತ್ರಿಶಲಾ ಮೈ ಬಿಗಿಹಿಡಿದಳು. ಪ್ರಾಜಕ್ತಾ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ತ್ರಿಶಲಾ ಹೊರಗೆ ಕಟ್ಟೆಯ ಮೇಲೆ ಕೂತಳು. ತನ್ನ ಮನೆ, ತನ್ನ ಒಲೆ, ತಾನು ಬೀಸಿದ ಹಿಟ್ಟು. ಒಳಗಿನಿಂದ ಒಂದೊಂದೇ ಸದ್ದು ಬರುತ್ತಿತ್ತು. ಪಾತ್ರೆಯ ಮುಚ್ಚಳ ತೆಗೆದದ್ದು, ನೀರು ಬೊಗಸೆಗೆ ಹನಿಸಿದ್ದು. "ಹಾಲು ಮೊದಲ ಕೊಡ ಬ್ರಾಹ್ಮಿ, ಸಾವಕಾಶ" ಎಂದು ಪ್ರಾಜಕ್ತಾ ಮೆಲ್ಲಗೆ ಹೇಳಿಕೊಡುತ್ತಿದ್ದಳು. ತನ್ನ ಅಡಿಗೆಮನೆಯಲ್ಲಿ ನಿಂತು ತನ್ನ ಮಗಳಿಗೆ. ಸುಳ್ಳು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ಸ್ವಲ್ಪ ಆಗಿತ್ತು ಕೂಡ. ಆದರೆ ಕಿಚ್ಚು ಹಾಗೆ ಒಂದು ಕೊಡ ನೀರಿಗೆ ಆರುವ ಜಾತಿಯದಲ್ಲ. ಚಪಾತಿಯ ಬುಟ್ಟಿ ಎಲ್ಲಿದೆಯೆಂದು ಅವರಿಗೆ ಸಿಕ್ಕಿತೋ ಇಲ್ಲವೋ ಎಂದು ಅವಳು ಕಿವಿಗೊಟ್ಟು ಕೂತಳು. ಸಿಗದಿದ್ದರೆ ಕರೆದಾರು ಎಂದುಕೊಂಡಳು. ಸಿಕ್ಕಿತು.

ಮಾತಾಜಿ ಹೊರಬಂದಾಗ ಎದ್ದು ನಿಂತು ತಲೆ ಬಾಗಿಸಿದಳು. ಎಲ್ಲರಿಗೂ ಎತ್ತಿದಂತೆ ಅವಳಿಗೂ ಪಿಂಛಿ ಎತ್ತಿ ಹರಸಿ ಅವರು ನಡೆದರು. ನಿಯಮದ ಮಾತನ್ನು ಯಾರೂ ಎತ್ತಿರಲಿಲ್ಲ. ಹೆಂಗಸರೆಲ್ಲ ಚದುರಿದ ಮೇಲೆ ಕಮಲಾಬಾಯಿ ಸೊಸೆಯ ಮುಂದೆ ಬಂದು ನಿಂತರು.

"ಮಾತಾಜಿ ಹಂಗ ತಿರುಗಿ ಹೋಗಿದ್ರ ಆ ಪಾಪ ಯಾರ ತಲಿಮ್ಯಾಲ ಇತ್ತು?"

"ನನ್ನ ತಲಿಮ್ಯಾಲರಿ."

"ಗೊತ್ತೈತಲ್ಲ," ಎಂದರು ಮುದುಕಿ. ಆಮೇಲೆ ಒಳಗೆ ಹೋಗುತ್ತ, ಬೆನ್ನು ತಿರುಗಿಸಿಯೇ ಹೇಳಿದರು, "ಆಕಿಗೆ ಯಾವುದ ಬೇಕೋ ಅದನ್ನ ತಗೊಳ್ಳಲಿ. ಒಳಗ ಬಂದು ಉಣ್ಣು. ಮುಂಜಾನಿಂದ ಬಾಯಾಗ ನೀರ ಹಾಕಿಲ್ಲ."

ತ್ರಿಶಲಾ ಉಣ್ಣಲಿಲ್ಲ. ಮನೆಯ ಕೊಡಗಳು ಖಾಲಿಯಾಗಿದ್ದವು, ಹಿತ್ತಲಿಗೆ ನಡೆದಳು. ನೀರು ಸೇದಿ, ಎರಡು ಪದರ ಮಾಡಿದ ದಪ್ಪ ಬಟ್ಟೆಯನ್ನು ಕೊಡದ ಬಾಯಿಗೆ ಹರವಿ ಸೋಸಿದಳು. ಬಟ್ಟೆ ತೆಗೆದು ತಿರುವಿ, ಸೋಸಿದ ನೀರಿನಿಂದಲೇ ಅದನ್ನು ಸಣ್ಣ ಬಕೀಟಿನೊಳಗೆ ತೊಳೆಯಬೇಕು. ಆ ಬಕೀಟಿನ ತಳಕ್ಕೂ ಒಂದು ಕೊಂಡಿ, ಅದಕ್ಕೊಂದು ಹಗ್ಗ ಇರುತ್ತದೆ. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟಾದೀತೆಂದು ನಿಧಾನ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದು ಮಗುಚಬೇಕು. ಒಬ್ಬಳೇ ಮಾಡುವಾಗ ಬಟ್ಟೆಯ ಒಂದು ಅಂಚು ಯಾವಾಗಲೂ ಜಾರುತ್ತದೆ.

ಆ ಅಂಚನ್ನು ಒಂದು ಕೈ ಹಿಡಿಯಿತು. ಬ್ರಾಹ್ಮಿ ಯಾವಾಗ ಬಂದಳೋ ಗೊತ್ತಾಗಲಿಲ್ಲ. ಅವಳು ಅವ್ವನ ಮುಖ ನೋಡಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದಳು. ತ್ರಿಶಲಾ ತಂಬಿಗೆಯಿಂದ ಸಣ್ಣಗೆ ನೀರು ಹಾಕಿದಳು.

"ನಾಳಿಗೆ ಅಡ್ಮಿಶನ್ನಿಗೆ ಕಡೇ ದಿನ," ಎಂದಳು ಬ್ರಾಹ್ಮಿ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ಕಾಕು ಬರ್ತೀನಿ ಅಂದಾಳ."

"ಹೋಗ್ರಿ ಮತ್ತ."

"ನೀನೂ ಬಾ."

"ನಾ ಬಂದು ಏನ ಮಾಡ್ಲಿ?"

ಹುಡುಗಿ ಬಟ್ಟೆ ಹಿಂಡದೆ ಹಾಗೇ ಬಕೀಟಿನ ಮೇಲೆ ಹಿಡಿದಳು. ಹಿಂಡಬಾರದೆಂದು ಅವಳಿಗೆ ನೆನಪಿತ್ತು. "ಭಾಷಾ ಒಂದ ಉಳದೈತಿ. ಕನ್ನಡ ತಗೊಳ್ಳೋ, ಹಿಂದಿ ತಗೊಳ್ಳೋ? ಕಾಕುಗ ಕೇಳಿಲ್ಲ."

ಇಡೀ ವರ್ಷ ತಯಾರಿ ಮಾಡಿದವಳು ತ್ರಿಶಲಾ. ಸಾಯನ್ಸ್ ಕೇಳಿದ್ದರೆ ಹೇಳುತ್ತಿದ್ದಳು, ಕಾಮರ್ಸ್ ಕೇಳಿದ್ದರೂ ಹೇಳುತ್ತಿದ್ದಳು. ಈ ಪ್ರಶ್ನೆ ಬಂದೀತೆಂದು ಮಾತ್ರ ಎಣಿಸಿರಲಿಲ್ಲ. ರೊಟ್ಟಿ ಬಡಿಯುತ್ತ ಇದಕ್ಕೆ ಉತ್ತರ ಕಲಿತಿರಲಿಲ್ಲ, ಅಪ್ಪಾಸಾಬನನ್ನು ಕೇಳಿರಲಿಲ್ಲ. ಅವಳು ಬಕೀಟನ್ನು ಕೈಗೆತ್ತಿಕೊಂಡಳು.

"ಬಸ್ಸಿನ್ಯಾಗ ಹೇಳ್ತೀನಿ," ಎಂದಳು.

ಅಷ್ಟರಲ್ಲಿ ಆಚೆ ಕದ ತೆರೆದ ಸಪ್ಪಳವಾಯಿತು. ಪ್ರಾಜಕ್ತಾ ತನ್ನ ಕೊಡ, ತನ್ನ ಬಟ್ಟೆ ಹಿಡಿದು ಬಂದು ಬಾವಿಯ ಹತ್ತಿರ ನಿಂತಳು. ಕಟ್ಟೆಯ ಮೇಲೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿರುವುದಿಲ್ಲ. ತ್ರಿಶಲಾ ಬಕೀಟನ್ನು ಇಳಿಬಿಡುತ್ತ, ಕೆಳಗಿನ ನೀರಿನ ಮೇಲೆ ಕಣ್ಣಿಟ್ಟು, ಕಾಲು ಎತ್ತಿ ತುಸು ಈಚೆಗೆ ಸರಿದಳು. ಬಹಳವೇನೂ ಅಲ್ಲ, ಒಬ್ಬರು ಓರೆಯಾಗಿ ನಿಂತುಕೊಳ್ಳುವಷ್ಟು.